ಕೆಳಗಿನ ಸಾಲು

ಚಿತ್ರ ಜುಲ್ಮೀರಳದು, ಕೆಳಗಿನ ಸಾಲು ನನ್ನದು.
ಒಂಬತ್ತು ವರ್ಷದಿಂದ ಹೀಗೇ ಒಪ್ಪಂದ,
ಮದೇಯ್ರಾ ದ್ವೀಪದ ಈ ಕಾಫಿ ಅಂಗಡಿಯ ತಾರಸಿಯಲ್ಲಿ,
ಕಡಲೊಳಗೆ ಕಂಬ ನೆಟ್ಟು ಕಟ್ಟಿದ ರನ್‌ವೇಗೆ ಎದುರಾಗಿ.

ಅವಳಿಗೆ ಕಣ್ಣಿದೆ. ನನಗೆ ಜಿಪುಣತನ.
ಮೂವತ್ತೊಂದು ವರ್ಷ ತಂತಿ ಕಚೇರಿಯಲ್ಲಿ ಕೂತು
ಪದಕ್ಕಿಷ್ಟು ಎಂದು ಊರಿನ ಸಾವು ಹೆರಿಗೆ ಎಣಿಸಿದವನು.
'ಪ್ರೀತಿಯ' ಎಂಬುದನ್ನು ಹೊಡೆದುಹಾಕಿದರೆ
ಒಂದು ಬ್ರೆಡ್ಡಿನ ದುಡ್ಡು ಉಳಿಯುತ್ತದೆಂದು
ಎಷ್ಟು ಹೆಂಗಸರಿಗೆ ಹೇಳಿಕೊಟ್ಟಿದ್ದೇನೆ.
ಹೊಡೆದುಹಾಕಿದರು. ಉಳಿಯಿತು.

ಈಗಲೂ ಬರೆಯುವುದು ಇಷ್ಟೇ:
ನೋಂದಣಿ ಸಂಖ್ಯೆ. ವಿಮಾನದ ಜಾತಿ. ಎಲ್ಲಿಂದ.
ರನ್‌ವೇ ಸೊನ್ನೆ ಐದು. ಗಾಳಿ ಎಷ್ಟು ನಾಟ್. ತಾರೀಖು.
ಮೋಡದ ಮಾತಿಲ್ಲ; ಮೋಡ ಚಿತ್ರದಲ್ಲೇ ಇದೆಯಲ್ಲ.
'ಭವ್ಯ' ಎಂದು ಬರೆಯುವವರನ್ನು ಕಂಡರೆ
ನನಗೆ ದವಡೆಹಲ್ಲು ನೋಯುತ್ತದೆ.
ಒಮ್ಮೆ ಮಾತ್ರ ಕಾಲು ಜಾರಿತು,
ಕಿತ್ತಳೆ ಬೆಳಕು ಬಿದ್ದ ಒಂದು ಸರಕು ವಿಮಾನಕ್ಕೆ
'ಸಂಜೆಗೆ ಬಸುರಾಗಿ ಬಂದವಳು' ಎಂದು ಬರೆದಿದ್ದೆ.
ಜುಲ್ಮೀರ ಓದಿ, ಕನ್ನಡಕ ಹಣೆಗೇರಿಸಿ,
'ಇಲೀದಿಯು, ಜ್ವರ ಏನಾದರೂ ಬಂದಿದೆಯಾ?'
ಅಳಿಸಿದೆ.

ಫೆಬ್ರವರಿಯ ಆ ಮಂಗಳವಾರ ಗಾಳಿ ಗುಡ್ಡ ಹಾರಿ ಇಳಿದು
ಕಾಫಿ ಬಟ್ಟಲಿನಲ್ಲಿ ಅಲೆ ಎಬ್ಬಿಸುತ್ತಿತ್ತು.
ಲಿಸ್ಬನ್ನಿನ ವಿಮಾನದಲ್ಲಿ ಅವಳ ಅಕ್ಕ ಒತೀಲಿಯ,
ಹತ್ತೊಂಬತ್ತಕ್ಕೆ ವೆನೆಜುವೆಲಾದ ಹಡಗು ಹತ್ತಿದವಳು,
ಅಲ್ಲಿ ಬೇಕರಿ ಇಟ್ಟು, ಗಂಡನನ್ನು ಹೂತು, ಬೇಕರಿ ಕಳೆದುಕೊಂಡು
ಈಗ ಎರಡು ಸೂಟ್‌ಕೇಸಿನಷ್ಟಾಗಿ ಬರುತ್ತಿದ್ದಳು.
ಅಂದು ಅವಳು ಕಳಿಸಿದ ತಂತಿ ನನ್ನ ಕೈಗೇ ಬಂದದ್ದು:
'ತಲುಪಿದೆ.' ಒಂದೇ ಪದ. ಮೆಚ್ಚಿಕೊಂಡಿದ್ದೆ.

ಮೊದಲ ಸಲ ತಿರುವಿನಲ್ಲೇ ಕೈಬಿಟ್ಟಿತು ವಿಮಾನ.
ಎರಡನೆಯ ಸಲ ಬಂತು, ಬಂತು,
ಎಡ ರೆಕ್ಕೆ ಇಳಿಬಿಟ್ಟು ಏಡಿಯ ಹಾಗೆ ಅಡ್ಡಡ್ಡ,
ಗಾಲಿಗೂ ಟಾರಿಗೂ ನಡುವೆ
ಒಂದು ಮೇಕೆ ನುಸುಳುವಷ್ಟು ಸಂದು;
ಅಲ್ಲಿಂದ ಎದ್ದಿತು ನೋಡಿ,
ಮೇಜಿನ ಚಮಚೆಗಳೆಲ್ಲ ಒಂದೇ ಸಮ ನಡುಗಿದವು.
ಜುಲ್ಮೀರಳ ತುಟಿಯಲ್ಲಿ ಜಪವೋ ಬೈಗುಳವೋ ತಿಳಿಯಲಿಲ್ಲ,
ಬೆರಳು ಮಾತ್ರ ಒತ್ತುತ್ತಲೇ ಇತ್ತು.

ಮೂರನೆಯ ಸಲ ಎಂಬುದಿಲ್ಲ.
ಮೂಗು ತಿರುಗಿತು ಪೋರ್ತೊ ಸಾಂತೊ ದ್ವೀಪದ ಕಡೆಗೆ.

ರಾತ್ರಿ ಚಿತ್ರವನ್ನು ಹಿಗ್ಗಿಸಿದಳು, ಹಿಗ್ಗಿಸಿದಳು.
ಹನ್ನೊಂದನೆಯ ಕಿಟಕಿಯಲ್ಲಿ ಕಡಲೆಬೀಜದಷ್ಟು ಮುಖ,
ಗಾಜಿಗೆ ಒತ್ತಿದ ಒಂದು ಅಂಗೈ.
'ಅವಳೇ. ನಮ್ಮಮ್ಮನ ಹಣೆ. ಬರಿ.'
ಬರೆದೆ: ಸಂಖ್ಯೆ, ಜಾತಿ, ಲಿಸ್ಬನ್, ಸೊನ್ನೆ ಐದು, ಮೂವತ್ತೆಂಟು ನಾಟ್.
ಆಮೇಲೆ, ಪದ ಎಣಿಸುವ ಬೆರಳನ್ನು ಅದುಮಿ ಹಿಡಿದು,
'ಕಿಟಕಿಯಲ್ಲಿ ಅಕ್ಕ.
ಐವತ್ತೆರಡು ವರ್ಷದ ಮೇಲೆ ಒಂದು ಮೇಕೆಯಷ್ಟು ದೂರ.'
ಜುಲ್ಮೀರ ಈ ಸಲ ಜ್ವರದ ಮಾತೆತ್ತಲಿಲ್ಲ.

ಮರುದಿನ ಇರುಳು ಫುಂಷಾಲಿನ ಬಂದರಿಗೆ ದೋಣಿ ಬಂತು,
ಒತೀಲಿಯ ಹಸಿರು ಮುಖ ಹೊತ್ತು ಇಳಿದು,
ತಂಗಿಯನ್ನು ಅಪ್ಪುವ ಮೊದಲು ಕಟ್ಟೆಗೆ ಕೂತು ಉಸಿರು ತಕ್ಕೊಂಡಳು.
ಸೂಪು ಕುಡಿದಳು. ಬ್ರೆಡ್ಡು ಮುರಿದು ಮೂಸಿ, ಉಪ್ಪು ಸಾಲದು ಎಂದಳು.
ಆಮೇಲೆ ಚಿತ್ರ ನೋಡಿದಳು.
'ನಾನು ಆಚೆ ಬದಿಯಲ್ಲಿದ್ದೆ. ಮಂಡಿಗೆ ತಲೆ ಕೊಟ್ಟು, ಕಣ್ಣು ಮುಚ್ಚಿ.
ಇವನಿಗೆ ಮೀಸೆ ಇದೆಯಲ್ಲ, ಕುರುಡರಾ?'

ಇತ್ತು. ಸಣ್ಣದು, ಆದರೆ ಮೀಸೆಯೇ.

ಅಳಿಸು ಎಂಬಂತೆ ಜುಲ್ಮೀರ ನನ್ನತ್ತ ನೋಡಿದಳು.
ಅಳಿಸುವುದರಲ್ಲಿ ನನ್ನಷ್ಟು ನುರಿತವನು ಈ ದ್ವೀಪದಲ್ಲಿಲ್ಲ.
'ಕಿಟಕಿಯಲ್ಲಿ' ತೆಗೆದೆ.
'ಚಿತ್ರದಲ್ಲಿ ಕಾಣದ ಆಚೆ ಬದಿಯಲ್ಲಿ' ಎಂದು ಹಾಕಿದೆ.

ಮೂರು ಪದ ಹೆಚ್ಚಾಯಿತು.
ಹಳೆಯ ದರದಲ್ಲಿ ಮೂರು ಬ್ರೆಡ್ಡು.
ಹೋಗಲಿ.